ಪತ್ತೇದಾರನೂ ಕ್ಯಾಮೆರಾವೂ



ಕನ್ನಡಿಗರು ಮುಗಿಬಿದ್ದು ಓದಿದ ಸಾಹಿತ್ಯದಲ್ಲಿ ಪತ್ತೇದಾರಿ ಕಾದಂಬರಿಗೆ ದೊಡ್ಡ ಪಾಲಿದೆ. ಕಾದಂಬರಿಯನ್ನು ಸಿನಿಮಾ ಮಾಡುವುದರಲ್ಲಿ ಕನ್ನಡ ಚಿತ್ರರಂಗ ಒಂದು ಕಾಲಕ್ಕೆ ಯಾರಿಗೂ ಹಿಂದೆ ಬಿದ್ದಿರಲಿಲ್ಲ. ಈ ಎರಡು ಹೊಳೆಗಳು ಎಲ್ಲೋ ಒಂದು ಕಡೆ ಕೂಡಬೇಕಿತ್ತು. ಕೂಡಿದ್ದು ಬಹಳ ಅಪರೂಪಕ್ಕೆ. ಏಕೆ ಹೀಗಾಯಿತು, ಕೂಡಿದಾಗ ಏನಾಯಿತು, ಇನ್ನು ಮುಂದೆ ಎಲ್ಲಿ ಕೂಡಬಹುದು ಎಂಬುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಕೊನೆಯ ಪ್ರಶ್ನೆಗೆ ಉತ್ತರ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇದೆ ಎಂಬುದು ನನ್ನ ನಂಬಿಕೆ. ಅದಕ್ಕೇ ಈ ವಿಷಯವನ್ನು ಇಲ್ಲೇ ಮಾತಾಡಬೇಕೆನಿಸಿತು.

ಮೊದಲು ಎನ್. ನರಸಿಂಹಯ್ಯನವರನ್ನು ನೆನೆಯೋಣ. 1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ಅವರ ಶಾಲೆಯ ಓದು ನಾಲ್ಕನೆಯ ತರಗತಿಗೇ ನಿಂತಿತು. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬಂತು. ಆಮೇಲೆ ಬಂದ ಅವರ ಪುಸ್ತಕಗಳ ಲೆಕ್ಕ ಐನೂರರ ಆಸುಪಾಸು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಹೆಸರುಗಳು ಒಂದು ತಲೆಮಾರಿಗೆ ಮನೆಮಂದಿಯ ಹೆಸರಿನಷ್ಟೇ ಬಳಕೆಯಾಗಿದ್ದವು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಬಾವುಟ ಹಿಡಿದು ಬೀದಿಗಿಳಿದ ಎಷ್ಟು ಜನಕ್ಕೆ ಇದು ಗೊತ್ತಿದೆಯೋ ಕಾಣೆ. ಭಾಷೆಗಾಗಿ ಹೋರಾಡುವುದು, ಆ ಭಾಷೆಯಲ್ಲಿ ಜನ ರಾತ್ರಿಯಿಡೀ ಎದ್ದು ಓದುವಂಥದ್ದನ್ನು ಬರೆಯುವುದು, ಇವೆರಡೂ ಅವರಿಗೆ ಒಂದೇ ಕೆಲಸವಾಗಿತ್ತು ಎಂದು ನಾನು ತಿಳಿಯುತ್ತೇನೆ.

ಈ ಪುಸ್ತಕಗಳ ಓದುಗರು ಯಾರು ಎಂದು ತಿಳಿಯಲು ಭದ್ರಾವತಿಯನ್ನು ನೋಡಿದರೆ ಸಾಕು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ನ್ಯೂಟೌನ್, ಪೇಪರ್ ಟೌನ್, ಜನ್ನಾಪುರ, ಹಳೇನಗರ, ಎಲ್ಲವೂ ಶಿಫ್ಟಿನ ಸೈರನ್ನಿಗೆ ಏಳುವ, ಮಲಗುವ ಬಡಾವಣೆಗಳಾಗಿದ್ದವು. ಸಂಬಳದ ಊರಿನಲ್ಲಿ ಎರಡು ವ್ಯಸನಗಳು ಬೇಗ ಬೇರುಬಿಡುತ್ತವೆ, ಓದು ಮತ್ತು ಸಿನಿಮಾ. ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದ ಕಾದಂಬರಿ ಮನೆಯಲ್ಲಿ ಮೂವರ ಕೈ ದಾಟಿ ಮರುದಿನ ಹಿಂದಿರುಗಬೇಕಿತ್ತು. ಓದಲು ಕಲಿತದ್ದು ಶಾಲೆಯಲ್ಲಾದರೂ ಓದುವ ಹುಚ್ಚು ಹಿಡಿದದ್ದು ಈ ಅಂಗಡಿಗಳಲ್ಲಿ ಎಂದು ಹೇಳುವ ಹಿರಿಯರು ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಲ್ಲಿ ಇದ್ದಾರೆ. ಇದನ್ನು ಅಗ್ಗದ ಓದು ಎಂದು ಕರೆದವರ ಮಾತನ್ನು ನಾನು ಒಪ್ಪಲಾರೆ. ಸಾಕ್ಷಿಯನ್ನು ತೂಗಿ ನೋಡು, ಹೇಳಿದ್ದನ್ನೆಲ್ಲ ನಂಬಬೇಡ, ಎದುರಿಗಿರುವ ದೊಡ್ಡ ಮನುಷ್ಯನನ್ನೂ ಅನುಮಾನಿಸು ಎಂದು ಕಾರ್ಮಿಕನ ಮನೆಯ ಹುಡುಗನಿಗೆ ಕಲಿಸಿದ ಸಾಹಿತ್ಯ ಅದು.

ಹಾಗಾದರೆ ಪುರುಷೋತ್ತಮ ಬೆಳ್ಳಿತೆರೆಯ ಮೇಲೆ ಮನೆಮಾತಾಗಬೇಕಿತ್ತಲ್ಲವೆ? ಮನೆಮಾತಾದವನು ಬೇರೊಬ್ಬ. 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ ಮಾಡಿತು. ರಾಜ್‌ಕುಮಾರ್ ಸಿಐಡಿ 999 ಪ್ರಕಾಶ್ ಆದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಅವು ಖುಷಿ ಕೊಡುವ ಚಿತ್ರಗಳು. ಆದರೆ ಪ್ರಕಾಶ್ ಬಂದದ್ದು ಜೇಮ್ಸ್ ಬಾಂಡ್‌ನ ಮನೆಯಿಂದ. ಬಾಂಡ್ ಗೂಢಚಾರ. ಖಳ ಯಾರೆಂದು ಅವನಿಗೆ ಮೊದಲೇ ಗೊತ್ತು, ಅವನನ್ನು ಹಿಡಿಯುವುದಷ್ಟೇ ಕೆಲಸ. ಪತ್ತೇದಾರನಿಗೆ ಹಿಡಿಯುವುದು ಸುಲಭ, ತಿಳಿಯುವುದೇ ಕಷ್ಟ. ಓಟ, ಹೊಡೆತ, ವೇಷ, ಹಾಡು ತೆರೆಗೆ ಸಲೀಸಾಗಿ ಒಗ್ಗುತ್ತವೆ. ಒಬ್ಬ ಮನುಷ್ಯ ಕುಳಿತು ಯೋಚಿಸುವುದು ಒಗ್ಗುವುದಿಲ್ಲ.

ಇಲ್ಲಿ ಒಂದು ಸಂಗತಿ ನನ್ನನ್ನು ಸದಾ ಕಾಡಿದೆ. ಇದೇ ದೊರೈ–ಭಗವಾನ್ ಆಮೇಲೆ ಕನ್ನಡ ಕಾದಂಬರಿಗಳನ್ನು ತೆರೆಗೆ ತಂದವರಲ್ಲಿ ಅಗ್ರಗಣ್ಯರಾದರು. ವಾಣಿಯವರ ‘ಎರಡು ಕನಸು’, ಭಾರತೀಸುತರ ‘ಬಯಲು ದಾರಿ’, ತರಾಸು ಅವರ ‘ಚಂದನದ ಗೊಂಬೆ’ ಎಲ್ಲವೂ ಅವರ ಕೈಯಲ್ಲಿ ಚಿತ್ರಗಳಾದವು. ಗೂಢಚಾರನನ್ನು ಬಲ್ಲವರು, ಕಾದಂಬರಿಯನ್ನೂ ಬಲ್ಲವರು. ಇವೆರಡನ್ನೂ ಸೇರಿಸಿ ಒಂದು ಪತ್ತೇದಾರಿ ಕಾದಂಬರಿಯನ್ನು ಅದೇ ಗೌರವದಿಂದ ಕಟ್ಟಿಕೊಟ್ಟಿದ್ದರೆ ನಮ್ಮ ಚಿತ್ರರಂಗದ ದಾರಿ ಬೇರೆಯಾಗುತ್ತಿತ್ತು. ಸಂಸಾರದ ಕತೆಗೆ ಲೇಖಕಿಯ ಹೆಸರು ಪೋಸ್ಟರಿನ ಮೇಲೆ ಬಂತು. ಪತ್ತೇದಾರಿ ಲೇಖಕನ ಹೆಸರಿಗೆ ಆ ಬೆಲೆ ಬರಲಿಲ್ಲ.

ಬೆಲೆಯ ಮಾತು ಇರಲಿ, ಕಸುಬಿನ ತೊಡಕೂ ಒಂದಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಾದಂಬರಿಕಾರ ಹೀಗೆ ಬರೆಯುತ್ತಾನೆ ಎನ್ನಿ: ಮೇಜಿನ ಮೇಲೆ ಒಂದು ಪುಸ್ತಕ, ಕನ್ನಡಕ, ಅರ್ಧ ಕುಡಿದ ಹಾಲಿನ ಲೋಟ ಇದ್ದವು. ಓದುಗ ಮೂರನ್ನೂ ದಾಟಿ ಮುಂದೆ ಹೋಗುತ್ತಾನೆ. ಇನ್ನೂರು ಪುಟಗಳಾದ ಮೇಲೆ ಆ ಲೋಟ ಎದ್ದು ಬಂದು ಅವನ ಎದುರು ನಿಲ್ಲುತ್ತದೆ. ಅರೆ, ಹೇಳಿದ್ದರಲ್ಲ, ನಾನೇ ಗಮನಿಸಲಿಲ್ಲವಲ್ಲ ಎಂದು ಅವನಿಗೆ ಅನಿಸಬೇಕು, ಆ ಕ್ಷಣವೇ ಈ ಸಾಹಿತ್ಯದ ಫಲ. ಈಗ ಇದನ್ನೇ ಚಿತ್ರೀಕರಿಸಿ ನೋಡಿ. ಲೋಟವನ್ನು ಹತ್ತಿರದಿಂದ ತೋರಿಸಿದಿರೋ, ಇದೇ ಸುಳಿವು ಎಂದು ಚಿತ್ರಮಂದಿರವೆಲ್ಲ ಕೂಗುತ್ತದೆ. ದೂರದಿಂದ ತೋರಿಸಿದಿರೋ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಕೊನೆಗೆ ಮೋಸ ಮಾಡಿದರೆಂದು ಜನ ಬೈಯುತ್ತಾರೆ. ವಾಕ್ಯಕ್ಕೆ ಹೇಳುತ್ತಲೇ ಬಚ್ಚಿಡುವ ಶಕ್ತಿಯಿದೆ. ಕ್ಯಾಮೆರಾ ಹುಟ್ಟಿದ್ದೇ ತೋರಿಸುವುದಕ್ಕೆ. ಹೀಗಾಗಿ ನಿರ್ದೇಶಕ ಬೇರೆ ಕಡೆ ಬಚ್ಚಿಡಬೇಕಾಗುತ್ತದೆ, ನಟನ ಮುಖದಲ್ಲಿ, ಬೆಳಕಿನಲ್ಲಿ, ಸದ್ದಿನಲ್ಲಿ, ಮುಂದಿನ ದೃಶ್ಯದ ಅವಸರದಲ್ಲಿ.

ಸತ್ಯಜಿತ್ ರಾಯ್ ಈ ತೊಡಕನ್ನು ಒಳಗಿನಿಂದ ಕಂಡವರು. 1967ರಲ್ಲಿ ಶರದಿಂದು ಬಂದ್ಯೋಪಾಧ್ಯಾಯರ ಪತ್ತೇದಾರ ಬ್ಯೋಮಕೇಶನ ಕತೆಯನ್ನು ಆಧರಿಸಿ ಉತ್ತಮ್ ಕುಮಾರ್ ಅವರನ್ನಿಟ್ಟುಕೊಂಡು ‘ಚಿಡಿಯಾಖಾನಾ’ ಮಾಡಿದರು. ಅದು ಅವರಿಗೇ ತೃಪ್ತಿ ಕೊಡಲಿಲ್ಲ. 1974ರಲ್ಲಿ ತಮ್ಮದೇ ಪತ್ತೇದಾರ ಫೆಲೂದಾನ ಕಾದಂಬರಿ ‘ಸೋನಾರ್ ಕೆಲ್ಲಾ’ವನ್ನು ಕೈಗೆತ್ತಿಕೊಂಡಾಗ ಒಂದು ದಿಟ್ಟ ಹೆಜ್ಜೆ ಇಟ್ಟರು. ಪುಸ್ತಕದಲ್ಲಿ ಕೊನೆಯವರೆಗೆ ಕಾದಿಟ್ಟಿದ್ದ ಖಳರ ಗುರುತನ್ನು ಚಿತ್ರದಲ್ಲಿ ಮೊದಲೇ ಬಿಟ್ಟುಕೊಟ್ಟರು. ಯಾರು ಎಂಬ ಪ್ರಶ್ನೆ ಹೋಗಿ ಹೇಗೆ, ಯಾವಾಗ ಎಂಬ ಪ್ರಶ್ನೆ ಬಂತು. ರಾಜಸ್ಥಾನದ ಮರಳು, ಒಂಟೆ, ರೈಲು ಎಲ್ಲಕ್ಕೂ ಕತೆಯಲ್ಲಿ ಜಾಗ ಸಿಕ್ಕಿತು. ಬರೆದವರೇ ತಮ್ಮ ಬರಹದ ಗುಟ್ಟನ್ನು ಒಡೆದು ಚಿತ್ರವನ್ನು ಉಳಿಸಿಕೊಂಡರು. ರೂಪಾಂತರದ ಬಗ್ಗೆ ನಾನು ಕಲಿತ ದೊಡ್ಡ ಪಾಠ ಇದು.

ಜಾನ್ ಹ್ಯೂಸ್ಟನ್ ಬೇರೆ ದಾರಿ ಹಿಡಿದರು. ಡ್ಯಾಶಿಯಲ್ ಹ್ಯಾಮೆಟ್‌ರ ‘ದಿ ಮಾಲ್ಟೀಸ್ ಫಾಲ್ಕನ್’ 1931ರಲ್ಲಿ ಒಮ್ಮೆ, 1936ರಲ್ಲಿ ಬೇರೆ ಹೆಸರಿನಲ್ಲಿ ಇನ್ನೊಮ್ಮೆ ಚಿತ್ರವಾಗಿತ್ತು. ಜನರ ನೆನಪಿನಲ್ಲಿ ಉಳಿದದ್ದು 1941ರ ಮೂರನೆಯದು, ಹ್ಯೂಸ್ಟನ್‌ರ ಮೊದಲ ಚಿತ್ರ. ಅವರು ಕಾದಂಬರಿಯ ಮಾತುಗಳನ್ನು ಹೆಚ್ಚು ಕೆಡಿಸದೆ, ಹಂಫ್ರಿ ಬೋಗಾರ್ಟ್‌ರ ಮುಖವನ್ನೇ ಒಗಟು ಮಾಡಿದರು.

ಈಗ ನಮ್ಮ ಕಡೆ ಬರೋಣ. ಕನ್ನಡದಲ್ಲಿ ಈ ಕಸುಬನ್ನು ಪೂರ್ಣವಾಗಿ ಅರಿತು ಮಾಡಿದ ಚಿತ್ರ ಯಾವುದೆಂದು ಕೇಳಿದರೆ 1989ರ ‘ತರ್ಕ’ ಎನ್ನುತ್ತೇನೆ. ಸುನಿಲ್ ಕುಮಾರ್ ದೇಸಾಯಿ ನಿರ್ದೇಶನ, ಶಂಕರ್ ನಾಗ್, ವನಿತಾ ವಾಸು, ದೇವರಾಜ್ ಅಭಿನಯ. ಕಥಾಹಂದರ ಆಗಥಾ ಕ್ರಿಸ್ಟಿಯವರ 1958ರ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ ನಾಟಕದ್ದು. ಹಿಂದಿಯಲ್ಲಿ ಅದೇ ನಾಟಕದಿಂದ 1973ರಲ್ಲಿ ಬಿ.ಆರ್. ಚೋಪ್ರಾ ಅವರ ‘ಧುಂದ್’ ಬಂದಿತ್ತು. ನಾಟಕದ ಆರಂಭ ಗೊತ್ತಿರಬಹುದು: ಮಂಜು ಮುಸುಕಿದ ರಾತ್ರಿ, ಕಾರು ಹಳ್ಳಕ್ಕಿಳಿದು ಸಿಕ್ಕಿಕೊಂಡ ಅಪರಿಚಿತನೊಬ್ಬ ಮನೆಯೊಳಗೆ ಬರುತ್ತಾನೆ. ಗಾಲಿಕುರ್ಚಿಯಲ್ಲಿ ಗಂಡನ ಹೆಣ, ಎದುರಿಗೆ ಪಿಸ್ತೂಲು ಹಿಡಿದ ಹೆಂಡತಿ. ಬಂದವನು ಪೊಲೀಸರನ್ನು ಕರೆಯದೆ ಅವಳನ್ನು ಉಳಿಸುವ ಉಪಾಯ ಹೂಡುತ್ತಾನೆ.

ದೇಸಾಯಿ ತೆಗೆದುಕೊಂಡ ಮುಖ್ಯ ನಿರ್ಧಾರ ಹಾಡುಗಳನ್ನು ಕೈಬಿಟ್ಟದ್ದು. ಇಂದು ಇದು ಸಣ್ಣ ಸಂಗತಿಯಾಗಿ ಕಾಣಬಹುದು. ಆ ಕಾಲಕ್ಕೆ ಹಾಡಿಲ್ಲದ ಕನ್ನಡ ಚಿತ್ರವನ್ನು ಹಂಚಿಕೆದಾರರ ಮುಂದಿಡಲು ಎದೆಗಾರಿಕೆ ಬೇಕಿತ್ತು. ಹಾಡು ಬಂದಾಗ ಪ್ರೇಕ್ಷಕನ ಮನಸ್ಸು ಸಡಿಲವಾಗುತ್ತದೆ. ಹಾಗೆ ಸಡಿಲವಾದಾಗಲೇ ಅವನು ಹಿಡಿದಿಟ್ಟುಕೊಂಡ ಸುಳಿವುಗಳು ಜಾರಿಹೋಗುತ್ತವೆ, ಅನುಮಾನದ ಬಿಸಿ ಆರುತ್ತದೆ. ‘ತರ್ಕ’ ಅವನಿಗೆ ಆ ಬಿಡುವನ್ನೇ ಕೊಡುವುದಿಲ್ಲ.

ಇನ್ನೊಂದು ನಿರ್ಧಾರ ನಟನ ಆಯ್ಕೆಯದು. 1980ರ ‘ಆಟೋ ರಾಜ’ನಿಂದ 1988ರ ‘ಸಾಂಗ್ಲಿಯಾನ’ದವರೆಗೆ ಜನ ಶಂಕರ್ ನಾಗ್ ಅವರನ್ನು ತಮ್ಮವನೆಂದು ನಂಬಿ ಬೆಳೆದಿದ್ದರು. ಆಟೋ ನಿಲ್ದಾಣಗಳಲ್ಲಿ ಅವರ ಚಿತ್ರ ಇವತ್ತಿಗೂ ಇದೆ. ನಮ್ಮ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಮಾಡಿದ ಮನುಷ್ಯ ಅವರು ಎಂಬ ಪ್ರೀತಿ ಈ ಜಿಲ್ಲೆಯಲ್ಲಿ ಬೇರೆಯೇ. ಅಂಥ ನಟ ಒಂದು ಪಾತ್ರವಾಗಿ ಒಳಗೆ ಬಂದಾಗ ಪ್ರೇಕ್ಷಕ ಆ ಪಾತ್ರವನ್ನು ನೋಡುವ ಬಗೆಯೇ ಬದಲಾಗುತ್ತದೆ. ನಾಟಕದಲ್ಲಿ ಕ್ರಿಸ್ಟಿಯವರಿಗೆ ಈ ಅನುಕೂಲ ಇರಲಿಲ್ಲ. ತಾರೆಯ ಮೇಲಿನ ವಿಶ್ವಾಸವನ್ನೇ ಕತೆಯ ಒಂದು ಸಲಕರಣೆಯಾಗಿ ಬಳಸಬಹುದೆಂದು ದೇಸಾಯಿ ಕಂಡುಕೊಂಡರು. ಹೇಗೆ ಬಳಸಿದರೆಂದು ನೋಡಿದವರಿಗೆ ಗೊತ್ತು, ನೋಡದ ಕಿರಿಯರು ಇಲ್ಲಿದ್ದಾರೆ, ಅವರ ಸಂತೋಷವನ್ನು ನಾನು ಕಸಿಯುವುದಿಲ್ಲ. ಕ್ರಿಸ್ಟಿಯವರದೇ ಕೃತಿಯಿಂದ ಬಿಲ್ಲಿ ವೈಲ್ಡರ್ 1957ರಲ್ಲಿ ಮಾಡಿದ ‘ವಿಟ್‌ನೆಸ್ ಫಾರ್ ದಿ ಪ್ರಾಸಿಕ್ಯೂಷನ್’ ಚಿತ್ರದ ಕೊನೆಯಲ್ಲಿ, ಅಂತ್ಯವನ್ನು ಯಾರಿಗೂ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವ ದನಿಯೊಂದಿದೆ. ಶಿವಮೊಗ್ಗದ ಎಚ್‌ಪಿಸಿ, ಮಲ್ಲಿಕಾರ್ಜುನ, ಲಕ್ಷ್ಮೀ ಟಾಕೀಸಿನ ಬಾಗಿಲುಗಳಲ್ಲಿ ಮೊದಲ ಆಟ ಬಿಟ್ಟಾಗಲೂ ಅಂಥದೊಂದು ಶಿಷ್ಟಾಚಾರವನ್ನು ಒಳ್ಳೆಯ ಪ್ರೇಕ್ಷಕರು ಪಾಲಿಸಬೇಕು.

‘ತರ್ಕ’ ಮರುವರ್ಷವೇ ತಮಿಳಿಗೆ ‘ಪುರಿಯಾದ ಪುದಿರ್’ ಆಗಿ ಹೋಯಿತು. ನಮ್ಮಲ್ಲಿ ದೇಸಾಯಿ ‘ಉತ್ಕರ್ಷ’, ‘ನಿಷ್ಕರ್ಷ’ ಎಂದು ಮುಂದುವರಿದರು. ಕ್ರಿಸ್ಟಿಯವರ ದ್ವೀಪದ ಕತೆಯ ನೆರಳು 2015ರ ‘ಆಟಗಾರ’ದಲ್ಲಿ ಕಾಣಿಸಿತು. ಮೂಲವನ್ನು ಗೌರವದಿಂದ ಹೆಸರಿಸಿ, ಆಮೇಲೆ ಅದರೊಡನೆ ಧೈರ್ಯವಾಗಿ ಜಗಳವಾಡುವ ರೂಢಿ ಮಾತ್ರ ನಮ್ಮಲ್ಲಿ ಇನ್ನೂ ಬೆಳೆಯಬೇಕು.

2019ರ ‘ಬೆಲ್ ಬಾಟಂ’ ಬಗ್ಗೆ ಒಂದು ಮಾತು. ಟಿ.ಕೆ. ದಯಾನಂದ್ ಅವರ ಕತೆ, ಜಯತೀರ್ಥರ ನಿರ್ದೇಶನ, ರಿಷಬ್ ಶೆಟ್ಟಿ ಪತ್ತೇದಾರ ದಿವಾಕರ. ಬಾಲ್ಯದಲ್ಲಿ ಪತ್ತೇದಾರಿ ಪುಸ್ತಕ, ಸಿನಿಮಾಗಳ ಗೀಳು ಹತ್ತಿಸಿಕೊಂಡ ಹುಡುಗ ಪೊಲೀಸ್ ಆಗುವ ಕತೆ ಅದು. ಆ ಚಿತ್ರ ಯಾವ ಕಾದಂಬರಿಯನ್ನೂ ತೆರೆಗೆ ತರಲಿಲ್ಲ, ಆದರೆ ಆ ಕಾದಂಬರಿಗಳ ಓದುಗನನ್ನೇ ತೆರೆಗೆ ತಂದಿತು. ನರಸಿಂಹಯ್ಯನವರ ಕಾಲಕ್ಕೆ ಸಿಕ್ಕ ಪ್ರೀತಿಯ ಗೌರವ ಎಂದು ನಾನದನ್ನು ಕಣ್ತುಂಬಿಕೊಂಡು ನೋಡಿದೆ.

ಇನ್ನು ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಇನ್ನೊಂದು ನಾಡಿನ ಪತ್ತೇದಾರಿ ಕತೆಯನ್ನು ತಂದು ನೆಡುವಾಗ ಮಣ್ಣು ಬದಲಾದರೆ ಮರವೂ ಬದಲಾಗಬೇಕು. ಅಕಿರಾ ಕುರೊಸಾವಾ 1963ರಲ್ಲಿ ಅಮೆರಿಕದ ಎಡ್ ಮೆಕ್‌ಬೇನ್‌ರ ‘ಕಿಂಗ್ಸ್ ರ‍್ಯಾನ್ಸಮ್’ ಎಂಬ ಪೊಲೀಸ್ ಕಾದಂಬರಿಯಿಂದ ‘ಹೈ ಅಂಡ್ ಲೋ’ ಮಾಡಿದರು. ಮೊದಲರ್ಧ ನಮ್ಮನ್ನು ಗುಡ್ಡದ ಮೇಲಿನ ಶ್ರೀಮಂತನ ಕೋಣೆಯೊಳಗೇ ಕಟ್ಟಿಹಾಕುತ್ತದೆ. ಆಮೇಲೆ ಪೊಲೀಸರೊಡನೆ ನಾವು ಯೋಕೊಹಾಮಾದ ಬೇಗೆಯ ಗಲ್ಲಿಗಳಿಗೆ ಇಳಿಯುತ್ತೇವೆ. ಅಪಹರಣದ ಕತೆ ಮೇಲಿನವರ ಮತ್ತು ಕೆಳಗಿನವರ ಕತೆಯಾಗುತ್ತದೆ. ಅಪರಾಧಿ ಯಾರೆಂದು ಹುಡುಕುತ್ತ ಹೋದ ಚಿತ್ರ ಊರು ಎಂಥದ್ದೆಂದು ತೋರಿಸಿಬಿಡುತ್ತದೆ.

ಇದನ್ನು ಕನ್ನಡದಲ್ಲಿ ಬರವಣಿಗೆಯಲ್ಲಿ ಮಾಡಿದವರು ಈ ಜಿಲ್ಲೆಯ ಕುಪ್ಪಳಿಯಲ್ಲಿ 1938ರಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿ. ಅವರನ್ನು ಪರಿಸರದ ಲೇಖಕ, ವಿಜ್ಞಾನದ ಲೇಖಕ ಎಂದೆಲ್ಲ ಕರೆಯುತ್ತೇವೆ. ಕನ್ನಡದ ಬಹುದೊಡ್ಡ ಪತ್ತೇದಾರಿ ಲೇಖಕ ಎಂದೂ ಕರೆಯಬೇಕೆಂದು ನನ್ನ ಒತ್ತಾಯ. ‘ಕುಬಿ ಮತ್ತು ಇಯಾಲ’ ತೆಗೆದುಕೊಳ್ಳಿ: ಒಂದು ಹಳ್ಳಿ, ಒಬ್ಬ ಹುಡುಗಿಯ ಸಾವು, ಅದರ ಹಿಂದಿನ ನಿಜ ತಿಳಿಯಲು ಹೊರಟ ವೈದ್ಯ ಕುಬಿ. ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ಇಳುವರಿ ಕುಸಿದ ಕೆಸರೂರಿಗೆ ಗುಪ್ತಚರ ಇಲಾಖೆಯ ಅಂಗಡಿ ಎಂಬ ಅಧಿಕಾರಿ ಬರುತ್ತಾರೆ, ವಿಜ್ಞಾನಿ ಜೋಗಿಹಾಳರ ಸಾವಿನ ಸುತ್ತ ಅನುಮಾನ ಹೆಣೆದುಕೊಂಡಿದೆ. ‘ಜುಗಾರಿ ಕ್ರಾಸ್’ನಲ್ಲಿ ಒಂದು ದಿನದ ಅವಧಿಯಲ್ಲಿ ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಕಾಡಿನ ಕಳ್ಳವ್ಯವಹಾರಗಳ ಜಾಲಕ್ಕೆ ಸಿಕ್ಕಿಬೀಳುತ್ತಾರೆ, ಹಳೆಯ ಕಾವ್ಯವೊಂದರಲ್ಲಿ ರತ್ನದ ಸುಳಿವು ಅಡಗಿ ಕೂತಿದೆ.

ಷರ್ಲಾಕ್ ಹೋಮ್ಸ್ ಅಪರಾಧದ ಹೊರಗೆ ನಿಂತು ನೋಡುತ್ತಾನೆ. ಬೇಕರ್ ಬೀದಿಗೆ ಹಿಂದಿರುಗಿದರೆ ಅವನ ಕೆಲಸ ಮುಗಿಯಿತು. ತೇಜಸ್ವಿಯವರ ಮಲೆನಾಡಿನಲ್ಲಿ ಹಾಗೆ ಹೊರಗೆ ನಿಲ್ಲಲು ಜಾಗವೇ ಇಲ್ಲ. ತನಿಖೆಗೆ ಬಂದವನು ಊರಿನ ಗಾಳಿಮಾತು, ಜಾತಿ, ಭಯ, ಆಸೆಗಳ ನಡುವೆ ತಾನೂ ಒಂದು ಗಾಳಿಮಾತಾಗುತ್ತಾನೆ. ಕೆಸರೂರಿನ ಸುತ್ತ ಲಂಟಾನ ಹಬ್ಬುತ್ತಲೇ ಇದೆ, ಎಲ್ಲರೂ ದಿನಾ ನೋಡುತ್ತಾರೆ, ಯಾರೂ ಅದನ್ನು ಸುಳಿವು ಎಂದುಕೊಳ್ಳುವುದಿಲ್ಲ. ಕೊನೆಗೆ ಬೆಂಕಿ ಬಿದ್ದು ಊರೇ ಅದಕ್ಕೆ ಸಿಕ್ಕಾಗ ಮಾತ್ರ ಓದುಗನಿಗೆ ಹೊಳೆಯುತ್ತದೆ: ಇಡೀ ಕಾದಂಬರಿಯ ಉದ್ದಕ್ಕೂ ಕಣ್ಣೆದುರೇ ಇದ್ದ ಸಾಕ್ಷಿ ಅದು. ನಾನು ಮೊದಲು ಹೇಳಿದ ಹಾಲಿನ ಲೋಟದ ತಂತ್ರವನ್ನು ತೇಜಸ್ವಿ ಒಂದು ಇಡೀ ಭೂಪ್ರದೇಶಕ್ಕೆ ಹಿಗ್ಗಿಸಿದರು. ಮತ್ತು ಇದು ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ತಂತ್ರ. ಏಕೆಂದರೆ ಲಂಟಾನವನ್ನು ಬಚ್ಚಿಡಬೇಕಾಗಿಲ್ಲ. ಪ್ರತಿ ದೃಶ್ಯದ ಹಿನ್ನೆಲೆಯಲ್ಲೂ ಅದು ಇದ್ದರೆ ಸಾಕು. ನಮ್ಮ ಜನ ಹಿನ್ನೆಲೆಯ ಹಸಿರನ್ನು ಚೆಂದ ಎಂದು ನೋಡಿ ಮುಂದೆ ಹೋಗುತ್ತಾರೆ.

ತೇಜಸ್ವಿ ತೆರೆಗೆ ಬಂದಿಲ್ಲವೆಂದಲ್ಲ. ಸದಾನಂದ ಸುವರ್ಣ 1992ರಲ್ಲಿ ‘ಕುಬಿ ಮತ್ತು ಇಯಾಲ’ ನಿರ್ದೇಶಿಸಿದರು. ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ನಿರ್ಮಾಪಕರಾಗಿದ್ದವರು, ದೂರದರ್ಶನಕ್ಕೆ ‘ಗುಡ್ಡದ ಭೂತ’ ಎಂಬ ನಿಗೂಢ ಧಾರಾವಾಹಿ ಕೊಟ್ಟವರು ಅವರೇ. ಕುಬಿಯಾಗಿ ನಟಿಸಿದ್ದು ಚಾರುಹಾಸನ್. ಇಲ್ಲಿ ಒಂದು ನಂಟು ನನಗೆ ಬಹಳ ಮುಖ್ಯವೆನಿಸುತ್ತದೆ. ಅದಕ್ಕೂ ಮೊದಲು ಕಾಸರವಳ್ಳಿಯವರ ‘ತಬರನ ಕತೆ’ಯಲ್ಲಿ ತಬರನಾದವರೂ ಚಾರುಹಾಸನ್, ಅದಕ್ಕೆ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲ ಬಂತು. ತಬರನೂ ಒಂದು ಹುಡುಕಾಟದಲ್ಲೇ ಇದ್ದಾನೆ. ಅವನು ಹುಡುಕುವುದು ತನಗೆ ಬರಬೇಕಾದ ಪಿಂಚಣಿಯನ್ನು. ಕಚೇರಿಯಿಂದ ಕಚೇರಿಗೆ, ಮೇಜಿನಿಂದ ಮೇಜಿಗೆ ಅವನು ಅಲೆಯುವಾಗ ನಮಗೆ ತನಿಖೆಯ ಎಲ್ಲ ಹಂತಗಳೂ ಕಾಣುತ್ತವೆ. ಸಾಕ್ಷಿಗಳಿದ್ದಾರೆ, ಸುಳ್ಳುಗಳಿವೆ, ಕಾಗದಗಳಿವೆ. ಅಪರಾಧಿ ಮಾತ್ರ ಒಬ್ಬನಲ್ಲ. ಕಾಸರವಳ್ಳಿ ಇದನ್ನು ಪತ್ತೇದಾರಿ ಚಿತ್ರವೆಂದು ಮಾಡಲಿಲ್ಲ, ನಾನೂ ಹಾಗೆ ಕರೆಯುವುದಿಲ್ಲ. ಆದರೆ ತೇಜಸ್ವಿಯವರ ತನಿಖೆಯನ್ನು ತೆರೆಗೆ ತರುವವರು ಮೊದಲು ಕೂತು ನೋಡಬೇಕಾದ ಚಿತ್ರ ಇದು. ಉತ್ತರ ಸಿಗದ ತನಿಖೆಯನ್ನೂ ಪ್ರೇಕ್ಷಕ ಕೊನೆಯವರೆಗೆ ನೋಡುತ್ತಾನೆ ಎಂಬುದಕ್ಕೆ ಅದು ಪುರಾವೆ.

ಆ ಪ್ರೇಕ್ಷಕನ ಬಗ್ಗೆ ಕೆಲವರಿಗೆ ಇರುವ ಅಪನಂಬಿಕೆ ನನಗಿಲ್ಲ. 1973ರಲ್ಲಿ ನಮ್ಮ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿ ಜಗತ್ತಿನ ಒಳ್ಳೆಯ ಚಿತ್ರಗಳನ್ನು ಅಡಿಕೆ ತೋಟದ ಜನರ ಮುಂದೆ ತಂದರು. ಒಂದೇ ಸಾವಿನ ಬಗ್ಗೆ ನಾಲ್ಕು ಜನ ನಾಲ್ಕು ಬಗೆಯಾಗಿ ಹೇಳುವ ಕುರೊಸಾವಾರ ‘ರಾಶೊಮನ್’ನಂಥ ಚಿತ್ರ ನಮ್ಮ ಹಳ್ಳಿಗರಿಗೆ ಅರ್ಥವಾಗದು ಎನ್ನುವವರು, ನಮ್ಮ ಊರುಗಳಲ್ಲಿ ಒಂದು ಸಾವಿನ ಬಗ್ಗೆ ಎಷ್ಟು ಕತೆಗಳಿರುತ್ತವೆಂದು ಒಮ್ಮೆ ಕಟ್ಟೆಯ ಮೇಲೆ ಕೂತು ಕೇಳಲಿ.

‘ಚಿದಂಬರ ರಹಸ್ಯ’ವನ್ನು ಗಿರೀಶ ಕಾರ್ನಾಡರು ದೂರದರ್ಶನಕ್ಕಾಗಿ ಟೆಲಿಚಿತ್ರ ಮಾಡಿದರು. ‘ಜುಗಾರಿ ಕ್ರಾಸ್’ ಸಿನಿಮಾ ಆಗುತ್ತದೆಂಬ ಸುದ್ದಿ ಒಂದಕ್ಕಿಂತ ಹೆಚ್ಚು ಬಾರಿ ಬಂದಿದೆ. ಅದನ್ನು ಕೈಗೆತ್ತಿಕೊಳ್ಳುವವರಲ್ಲಿ ನನ್ನ ಕೋರಿಕೆ ಎರಡೇ. ಆ ಒಂದು ದಿನದ ಅವಧಿಯನ್ನು ಹಿಗ್ಗಿಸಬೇಡಿ. ಕಾದಂಬರಿಯ ಉಸಿರು ಇರುವುದೇ ಆ ಗಡುವಿನಲ್ಲಿ. ಸುರೇಶನನ್ನು ಹೊಡೆದಾಡುವ ನಾಯಕನನ್ನಾಗಿಯೂ ಮಾಡಬೇಡಿ. ತಾನು ಯಾವ ಕತೆಯೊಳಗೆ ಇದ್ದೇನೆಂದು ಅವನಿಗೇ ಗೊತ್ತಿಲ್ಲ. ಪ್ರೇಕ್ಷಕನಿಗೆ ಅವನಿಗಿಂತ ಒಂದು ಹೆಜ್ಜೆ ಮುಂಚೆ ಗೊತ್ತಾಗಬೇಕು, ಎರಡು ಹೆಜ್ಜೆ ಮುಂಚೆ ಗೊತ್ತಾಗಬಾರದು. ‘ಸೋನಾರ್ ಕೆಲ್ಲಾ’ದಲ್ಲಿ ರಾಯ್ ಹಿಡಿದ ಅಳತೆ ಅದೇ.

ಮುಗಿಸುವ ಮುನ್ನ ಒಂದು ಕೆಲಸದ ಮಾತು. ತೇಜಸ್ವಿಯವರ ಪುಸ್ತಕಗಳು ಅಂಗಡಿಯಲ್ಲಿ ಸಿಗುತ್ತವೆ. ನರಸಿಂಹಯ್ಯ, ರಾಮಮೂರ್ತಿಯವರ ಪತ್ತೇದಾರಿ ಕಾದಂಬರಿಗಳು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅಗ್ಗದ ಕಾಗದ, ನೂರು ಕೈ ದಾಟಿದ ಬೈಂಡು, ಮಳೆಗಾಲದ ತೇವ, ಗೆದ್ದಲು, ಎಲ್ಲ ಸೇರಿ ಅವುಗಳನ್ನು ಮುಗಿಸುತ್ತಿವೆ. ಓದಲು ಪುಸ್ತಕವೇ ಇಲ್ಲದಿದ್ದರೆ ನಾಳೆ ಬರುವ ಹೊಸ ನಿರ್ದೇಶಕ ಯಾವುದನ್ನು ತೆರೆಗೆ ತರಬೇಕು? ಭದ್ರಾವತಿಯ ಕ್ವಾರ್ಟರ್ಸುಗಳಲ್ಲಿ, ಶಿವಮೊಗ್ಗದ ದುರ್ಗಿಗುಡಿ, ಗಾಂಧಿ ಬಜಾರಿನ ಹಳೆಯ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ ಅವುಗಳ ಪ್ರತಿಗಳಿದ್ದರೆ ರದ್ದಿಗೆ ಹಾಕಬೇಡಿ. ಮೊದಲ ಪುಟ ಹರಿದಿರಲಿ, ಕೊನೆಯ ಪುಟ ಇಲ್ಲದಿರಲಿ, ಎರಡು ಮನೆಗಳ ಪ್ರತಿ ಸೇರಿದರೆ ಒಂದು ಪೂರ್ತಿ ಪುಸ್ತಕವಾದೀತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೋ, ಇಲ್ಲಿನ ಯಾವುದಾದರೂ ಗ್ರಂಥಾಲಯವೋ ಅವುಗಳನ್ನು ಪಡೆದು, ಪಟ್ಟಿ ಮಾಡಿ, ಸ್ಕ್ಯಾನ್ ಮಾಡಿಸಿ ಇಡಲಿ. ಅಂಥ ಕೆಲಸಕ್ಕೆ ಯಾರಾದರೂ ಮುಂದೆ ಬಂದರೆ ಪುಸ್ತಕಗಳನ್ನು ಜೋಡಿಸಲು, ಪಟ್ಟಿ ಬರೆಯಲು ನಾನೂ ಬಂದು ಕೂರುತ್ತೇನೆ. ಮನೆಯಲ್ಲಿ ಪ್ರತಿಗಳಿರುವವರು ಸಭೆ ಮುಗಿದ ಮೇಲೆ ದಯವಿಟ್ಟು ನನ್ನ ಬಳಿ ಬಂದು ಮಾತಾಡಿ.